ಟೋಪಿ ತಲೆಯ ಮೇಲೆ ನಿಂತದ್ದು ಹೇಗೆ?

ನಮಸ್ಕಾರ.

ಪಾಶ್ಚಾತ್ಯ ಹೆಂಗಸರ ಟೋಪಿಗಳ ಇತಿಹಾಸದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಒಳಗೆ ಒಳ್ಳೆಯ ಸರಕಿದೆ, ಅದರ ಮೇಲೆ ಬೇಡದ್ದನ್ನೆಲ್ಲ ಪೇರಿಸಿದ್ದೀರಿ.

15ನೇ ಶತಮಾನದ ಶಂಕುವಿನಾಕಾರದ ಎತ್ತರದ ಟೋಪಿಯಾದ ಹೆನಿನ್‌ನಿಂದ ಶುರುಮಾಡಿ, ಕೂದಲಿಗೆ ಸಿಕ್ಕಿಸಿಕೊಳ್ಳುವ ಇವತ್ತಿನ ಪುಟ್ಟ ಅಲಂಕಾರವಾದ ಫ್ಯಾಸಿನೇಟರ್‌ವರೆಗೆ ಓಡಿದ್ದೀರಿ. 600 ವರ್ಷಕ್ಕೆ 2000 ಪದ. ಪ್ರತಿ ಟೋಪಿಗೂ ಒಂದು ಪ್ಯಾರಾ. ಹೆಸರು, ಆಕಾರ, ಬಣ್ಣ ಹೇಳಿ ಮುಂದಿನದಕ್ಕೆ ಹಾರುತ್ತೀರಿ. ನಡುನಡುವೆ ಇಂಥ ವಾಕ್ಯ: 'ಕಾಲ ಬದಲಾದಂತೆ ಟೋಪಿಗಳೂ ಬದಲಾಗಿ ಮಹಿಳೆಯರ ವ್ಯಕ್ತಿತ್ವಕ್ಕೆ ಮೆರುಗು ನೀಡಿದವು.' ಇದರಲ್ಲಿ ಟೋಪಿ ತೆಗೆದು ಚಪ್ಪಲಿ ಅಂತ ಹಾಕಿ ನೋಡಿ. ಏನೂ ವ್ಯತ್ಯಾಸ ಆಗುವುದಿಲ್ಲ, ಅಲ್ವಾ? ಇಂಥ ವಾಕ್ಯ ಕೊಟ್ಟರೆ ಓದುಗರಿಗೆ ನಿಜವಾಗಿ ಟೋಪಿ ಹಾಕಿದ ಹಾಗೆ.

ನಿಮ್ಮ ಲೇಖನದಲ್ಲಿ ಟೋಪಿಗಳಿವೆ, ತಲೆಗಳಿಲ್ಲ. ಚಿತ್ರ ನೋಡಿ ಬರೆದಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ಅದು ತಪ್ಪಲ್ಲ. ಆದರೆ ಚಿತ್ರ ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು: ಇದು ತಲೆಯ ಮೇಲೆ ನಿಂತದ್ದು ಹೇಗೆ?

ಈ ಪ್ರಶ್ನೆ ಕೇಳಿದರೆ ನಿಮ್ಮ ಪ್ಯಾರಾಗಳು ತಾವಾಗಿಯೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 19ನೇ ಶತಮಾನದ ಬಾನೆಟ್ ನಿಂತದ್ದು ಗಲ್ಲದ ಕೆಳಗೆ ಕಟ್ಟಿದ ರಿಬ್ಬನ್ನಿನಿಂದ. 1900ರ ದಶಕದ ಅಗಲ ಟೋಪಿಗೆ ರಿಬ್ಬನ್ ಸಾಲದು. ಅದಕ್ಕೆ ಕೆಳಗೆ ಕೂದಲಿನ ರಾಶಿ ಬೇಕು, ಆ ರಾಶಿಗೆ ಚುಚ್ಚಲು ಪಿನ್ನು ಬೇಕು. ಅಷ್ಟು ಕೂದಲು ಎಲ್ಲರಿಗೂ ಇರುತ್ತದಾ? ಇರುವುದಿಲ್ಲ. ಹಾಗಾಗಿ ಬಾಚಣಿಗೆಗೆ ಬಂದ ಕೂದಲನ್ನು ಎಸೆಯುತ್ತಿರಲಿಲ್ಲ. ಕನ್ನಡಿ ಮೇಜಿನ ಮೇಲೆ, ಮುಚ್ಚಳದಲ್ಲಿ ತೂತಿರುವ ಪುಟ್ಟ ಡಬ್ಬಿಯೊಂದು ಅದಕ್ಕೆಂದೇ ಇರುತ್ತಿತ್ತು. ಬೆರಳಿಗೆ ಸುತ್ತಿಕೊಂಡ ಕೂದಲನ್ನು ಆ ತೂತಿನಲ್ಲಿ ತುರುಕುವುದು. ಸಾಕಷ್ಟು ಸೇರಿದ ಮೇಲೆ ಉಂಡೆ ಮಾಡಿ, ಮೇಲೆ ಸ್ವಂತ ಕೂದಲು ಹೊದಿಸಿ, ಅದರ ಮೇಲೆ ಟೋಪಿ. ನಿಮ್ಮ ಲೇಖನದಲ್ಲಿ ಈ ಡಬ್ಬಿ ಇಲ್ಲ. ನನಗಂತೂ ಹತ್ತು ಟೋಪಿಯ ವರ್ಣನೆಗಿಂತ ಆ ಡಬ್ಬಿ ಜಾಸ್ತಿ ಹೇಳುತ್ತದೆ.

ಪಿನ್ನಿನ ವಿಷಯಕ್ಕೆ ಬರೋಣ. 1907ರಲ್ಲಿ ಲಂಡನ್ನಿನಲ್ಲಿ 'ದಿ ಮೆರಿ ವಿಡೋ' ಸಂಗೀತ ನಾಟಕ ಶುರುವಾಯಿತು. ನಟಿ ಲಿಲಿ ಎಲ್ಸಿಗೆ ವಸ್ತ್ರವಿನ್ಯಾಸಕಿ ಲೂಸಿಲ್ ಮಾಡಿಕೊಟ್ಟ ದೊಡ್ಡ ಟೋಪಿ ಊರೆಲ್ಲ ಹಬ್ಬಿತು. ಇಷ್ಟನ್ನು ನೀವು ಬರೆದಿದ್ದೀರಿ, ಚೆನ್ನಾಗಿಯೇ ಬರೆದಿದ್ದೀರಿ. ಆಮೇಲೆ? ಟೋಪಿ ಅಗಲವಾದಂತೆ ಪಿನ್ನೂ ಉದ್ದವಾಯಿತು. ಒಂದು ಅಡಿಯ ಉಕ್ಕಿನ ಪಿನ್ನುಗಳು ಬಂದವು. ಟ್ರಾಮಿನಲ್ಲಿ ಪಕ್ಕದವರ ಕಣ್ಣಿಗೆ, ಕೆನ್ನೆಗೆ ಅದರ ತುದಿ. 1910ರಲ್ಲಿ ಷಿಕಾಗೋ ನಗರಸಭೆ ಟೋಪಿಯಿಂದ ಅರ್ಧ ಇಂಚಿಗಿಂತ ಹೆಚ್ಚು ಪಿನ್ನು ಹೊರಗೆ ಚಾಚಬಾರದು ಅಂತ ನಿಯಮ ಮಾಡಿತು. ಮೀರಿದರೆ 50 ಡಾಲರ್‌ವರೆಗೆ ದಂಡ. ಅದೇ ಪಿನ್ನು ಬೀದಿಯಲ್ಲಿ ಮೈಮೇಲೆ ಬೀಳುವ ಗಂಡಸರನ್ನು ಚುಚ್ಚಲು ಹೆಂಗಸರ ಕೈಯಲ್ಲಿದ್ದ ಆಯುಧವೂ ಹೌದು. ನೀವು 'ಟೋಪಿ ಪಿನ್ನುಗಳೂ ಬಳಕೆಯಲ್ಲಿದ್ದವು' ಅಂತ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಓದುತ್ತಾ ಹೊಟ್ಟೆ ಉರಿಯಿತು.

ಗರಿಗಳದ್ದೂ ಅದೇ ಕಥೆ. 'ಹಕ್ಕಿಗಳ ಬಣ್ಣಬಣ್ಣದ ಗರಿಗಳು ಟೋಪಿಯ ಅಂದ ಹೆಚ್ಚಿಸಿದವು' ಅಂದಿದ್ದೀರಿ. 1886ರಲ್ಲಿ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ನ್ಯೂಯಾರ್ಕಿನ ಬೀದಿಯಲ್ಲಿ ನಡೆಯುತ್ತಾ ಟೋಪಿ ಎಣಿಸಿದರು. 700ರಲ್ಲಿ 542ಕ್ಕೆ ಗರಿ ಇತ್ತು. ಅಲ್ಲಿ ಅವರು ಗುರುತಿಸಿದ್ದು 40 ಜಾತಿಯ ಹಕ್ಕಿಗಳನ್ನು. ಹೆಚ್ಚು ಬೇಡಿಕೆಯಿದ್ದ ಬೆಳ್ಳಕ್ಕಿಯ ನವಿರು ಗರಿ ಬೆಳೆಯುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಅಂದರೆ ಗೂಡಿನ ಹತ್ತಿರವೇ ಗುಂಡು ಹೊಡೆಯಬೇಕು. ತಾಯಿ ಹೋದ ಮೇಲೆ ಮರಿಗಳೂ ಹಸಿದು ಸಾಯುತ್ತವೆ. ಇದನ್ನು ಬಿಟ್ಟು 'ಅಂದ' ಅಂತ ಬರೆದರೆ ಹೇಗೆ?

ಗರಿ ತೊಟ್ಟವರೂ ಹೆಂಗಸರು, ಅದನ್ನು ನಿಲ್ಲಿಸಲು ಎದ್ದವರೂ ಹೆಂಗಸರು. 1889ರಲ್ಲಿ ಇಂಗ್ಲೆಂಡಿನ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಶುರುಮಾಡಿದ ಗುಂಪು ಮುಂದೆ ಅಲ್ಲಿನ ರಾಯಲ್ ಪಕ್ಷಿ ಸಂರಕ್ಷಣಾ ಸಂಘವಾಗಿ ಬೆಳೆಯಿತು. 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಚಹಾಕೂಟ ಕರೆದು, ಗರಿ ಬಿಡಿ ಅಂತ ಶ್ರೀಮಂತ ಗೆಳತಿಯರ ಮನವೊಲಿಸಿದರು. ಆಮೇಲೆ ಕಾನೂನುಗಳು ಬಂದವು: ಅಮೆರಿಕದಲ್ಲಿ 1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ, ಬ್ರಿಟನ್ನಿನಲ್ಲಿ 1921ರಲ್ಲಿ ಗರಿ ಆಮದಿಗೆ ನಿಷೇಧ. ಆದರೆ ಕಾನೂನೊಂದೇ ಹಕ್ಕಿಗಳನ್ನು ಉಳಿಸಿತು ಅಂತ ಬರೆಯಬೇಡಿ. ಅದೇ ಹೊತ್ತಿಗೆ ಹೆಂಗಸರು ಕೂದಲು ಕತ್ತರಿಸಿಕೊಂಡರು. ಪಿನ್ನಿಗೆ ಹಿಡಿತ ಹೋಯಿತು, ಅಗಲ ಟೋಪಿಗೆ ನೆಲೆ ಹೋಯಿತು. ಹುಬ್ಬಿನವರೆಗೆ ಇಳಿದು ತಲೆಗೆ ತಾನೇ ಕಚ್ಚಿಕೊಳ್ಳುವ ಕ್ಲೋಶ್ ಬಂತು. ಪ್ಯಾರಿಸ್ಸಿನ ಕ್ಯಾರೊಲಿನ್ ರೆಬೂ ಗಿರಾಕಿಯ ತಲೆಯ ಮೇಲೆಯೇ ಫೆಲ್ಟ್ (ಉಣ್ಣೆ, ತುಪ್ಪಳ ಒತ್ತಿ ಮಾಡಿದ ದಪ್ಪ ಬಟ್ಟೆ) ಇಟ್ಟು, ಕತ್ತರಿಸಿ, ಮಡಿಸಿ ಟೋಪಿ ಮಾಡುತ್ತಿದ್ದರು. ಅಂಥ ಟೋಪಿಯ ಮೇಲೆ ಇಡೀ ಹಕ್ಕಿಯನ್ನು ಕೂರಿಸಲು ಜಾಗ ಎಲ್ಲಿ? ನೀವು ಕ್ಲೋಶ್ ಅನ್ನು 'ಸ್ವಾತಂತ್ರ್ಯದ ಸಂಕೇತ' ಅಂತ ಕರೆದು ಬಿಟ್ಟಿದ್ದೀರಿ. ಕತ್ತರಿಯನ್ನು ತೋರಿಸಿ, ಸಂಕೇತವನ್ನು ಓದುಗರೇ ಕಂಡುಕೊಳ್ಳುತ್ತಾರೆ.

ಕೆಲವು ತಿದ್ದುಪಡಿ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಕಾಲದ 'ಹಡಗಿನ ಟೋಪಿ' ಟೋಪಿಯಲ್ಲ, ಕೇಶಾಲಂಕಾರ. 1778ರಲ್ಲಿ ಇಂಗ್ಲಿಷ್ ಹಡಗಿನೊಂದಿಗೆ ಕಾದಾಡಿದ ಫ್ರೆಂಚ್ ಯುದ್ಧನೌಕೆಯ ನೆನಪಿಗೆ ಮಾಡಿದ್ದು. ಹೆನಿನ್ ತೊಟ್ಟವರು ಮುಖ್ಯವಾಗಿ ಬರ್ಗಂಡಿ ಮತ್ತು ಫ್ರಾನ್ಸಿನ ಸಿರಿವಂತ ಹೆಂಗಸರು, 'ಮಧ್ಯಯುಗದ ಯುರೋಪಿನ ಮಹಿಳೆಯರೆಲ್ಲ' ಅಲ್ಲ. ಪಾದರಸದ ವಿಷದ ಕಥೆ ಮೊಲದ ತುಪ್ಪಳದಿಂದ ಫೆಲ್ಟ್ ಮಾಡುವವರದ್ದು. ಅದನ್ನು ಹುಲ್ಲಿನ ಟೋಪಿ ಹೆಣೆದವರಿಗೂ ಹಚ್ಚಿಬಿಟ್ಟಿದ್ದೀರಿ. ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಜಾಕಿ ಕೆನಡಿಯ ಅಂಚಿಲ್ಲದ ಡಬ್ಬಿಯಾಕಾರದ ಟೋಪಿ ಪಿಲ್‌ಬಾಕ್ಸ್ ಬಗ್ಗೆ ಮೂರು ಪ್ಯಾರಾ ಬೇಕಿಲ್ಲ. ಬೇಕಾದ್ದು ಒಂದೇ ಮಾತು: ಉಬ್ಬಿಸಿ ಸ್ಪ್ರೇ ಹೊಡೆದ ಕೂದಲು ಕೆಡಬಾರದು ಅಂತ ಅದು ತಲೆಯ ಹಿಂಭಾಗಕ್ಕೆ ಸರಿದು ಕೂತಿತ್ತು.

ನನ್ನ ಸಲಹೆ ಇಷ್ಟು. 600 ವರ್ಷ ಬಿಡಿ. 1886ರಿಂದ 1925ರವರೆಗೆ ಮಾತ್ರ ಬರೆಯಿರಿ. ಚಾಪ್‌ಮನ್ ಎಣಿಸಿದ ಟೋಪಿಗಳಿಂದ ಶುರುಮಾಡಿ. ಕೂದಲಿನ ಡಬ್ಬಿ, ಪಿನ್ನು, ದಂಡ, ಬೆಳ್ಳಕ್ಕಿ, ಚಹಾಕೂಟ, ಕತ್ತರಿ ಎಲ್ಲ ಅದರೊಳಗೇ ಬರುತ್ತವೆ. 1200 ಪದ ಸಾಕು. 'ಮೆರುಗು', 'ಸೊಬಗು', 'ಪಯಣ' ಈ ಮೂರು ಪದ ಎಲ್ಲಿ ಕಂಡರೂ ಹೊಡೆದುಹಾಕಿ. ಹೆನಿನ್ ಪ್ಯಾರಾ ಬಿಸಾಡಬೇಡಿ, ಇನ್ನೊಂದು ಲೇಖನಕ್ಕೆ ಎತ್ತಿಡಿ. ಹೊಸ ಪ್ರತಿ ಕಳಿಸುವಾಗ ಪ್ರತಿ ಚಿತ್ರದ ಕೆಳಗೆ ಇಸವಿ, ಊರು ಬರೆದಿರಲಿ. ಈ ಸಲ ಕಳಿಸಿದ್ದರಲ್ಲಿ ಎರಡು ಚಿತ್ರ ಯಾವ ಕಾಲದ್ದು ಅಂತ ಹೇಳಿಯೇ ಇಲ್ಲ.