ಮೋಯ್ತ್ಸಾಳ ಕಣ್ಣಿಗೆ ಹಾಕಿದ ಹನಿ

ಕುರುಡು ಹುಡುಗಿಗೆ ಕೊನೆಯಲ್ಲಿ ಕಣ್ಣು ಬರುವ ‘ಸ್ರೆಚ್ನೊ, ಕೆಕೆತ್ಸ್’ ಚಿತ್ರವನ್ನು ಮಂದದೃಷ್ಟಿಯ ಮಗಳಿಗೆ ತೋರಿಸಲೋ ಬೇಡವೋ ಎಂದು ಕೇಳಿದ್ದೀರಿ. ನಾಲ್ಕು ವರ್ಷ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದಲ್ಲಿದ್ದವನು ನಾನು. ನನ್ನ ಮಗನಿಗೂ ಹುಟ್ಟಿನಿಂದಲೇ ಮಂದದೃಷ್ಟಿ. ನಾನು ಯಾರನ್ನೂ ಕೇಳಲು ಹೋಗಲಿಲ್ಲ, ರಿಮೋಟು ಕೈಯಲ್ಲಿದ್ದದ್ದೇ ಸಾಕಾಯಿತು.

ಆಗ ಅವನು ಒಂದನೆಯ ತರಗತಿ. ಅಲ್ಲಿಯ ಮಕ್ಕಳಿಗೆ ಕೆಕೆತ್ಸ್ ಎಂದರೆ ಮನೆಯ ಹುಡುಗನಿದ್ದಂತೆ. ಯೋಸಿಪ್ ವಾಂಡೊತ್ ಬರೆದ ಕಥೆಗಳಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ಕುರಿ ಕಾಯುವವನು. ನಿರ್ದೇಶಕ ಯೋಝೆ ಗಾಲೆ ಅವನನ್ನು ಮೂರು ಸಲ ತೆರೆಗೆ ತಂದರು. ನೀವು ಹೇಳುತ್ತಿರುವುದು ಎರಡನೆಯದು, 1963ರದು, ಸ್ಲೊವೀನ್ ಭಾಷೆಯ ಮೊದಲ ವರ್ಣಚಿತ್ರ. ಬೆಟ್ಟದಲ್ಲಿ ಒಂಟಿಯಾಗಿರುವ, ಗಿಡಮೂಲಿಕೆ ಬಲ್ಲ ಪೆಹ್ತಾ ಎಂಬ ಹೆಂಗಸು ಕುರುಡು ಹುಡುಗಿ ಮೋಯ್ತ್ಸಾಳನ್ನು ಹೊತ್ತೊಯ್ಯುತ್ತಾಳೆ. ಹುಡುಕಿಹೋದ ಕೆಕೆತ್ಸ್‌ನಿಂದ ಹುಡುಗಿಗೆ ಬಿಡುಗಡೆಯೂ ಸಿಗುತ್ತದೆ, ಪೆಹ್ತಾಳ ಬಳಿಯಿದ್ದ ಕಣ್ಣಿನ ಹನಿಯೂ ಸಿಗುತ್ತದೆ.

ಆ ಹನಿಯ ಹತ್ತಿರ ಬರುತ್ತಿದ್ದಂತೆ ನಾನು ಚಿತ್ರ ನಿಲ್ಲಿಸಿದೆ. ‘ಅಷ್ಟೇ, ಮುಗಿಯಿತು, ಮಲಗು’ ಎಂದೆ. ನಿಲ್ಲಿಸಿದ್ದು ಅಷ್ಟು ದೊಡ್ಡ ತಪ್ಪಲ್ಲ, ‘ಮುಗಿಯಿತು’ ಎಂದದ್ದು ತಪ್ಪು. ‘ಉಳಿದದ್ದು ನನಗೆ ನೋಡಲು ಆಗುತ್ತಿಲ್ಲ’ ಎಂದಿದ್ದರೆ ಅದು ನಿಜವಾಗಿರುತ್ತಿತ್ತು. ‘ನಾಳೆ ನೋಡೋಣ’ ಎಂದಿದ್ದರೂ ಒಂದು ದಾರಿ ಉಳಿಯುತ್ತಿತ್ತು. ತರಗತಿಯ ಎಲ್ಲ ಮಕ್ಕಳಿಗೂ ಗೊತ್ತಿರುವ ಕೊನೆಯನ್ನು ಒಬ್ಬನಿಂದ ಮುಚ್ಚಿಡಬಹುದು ಎಂದುಕೊಂಡೆನಲ್ಲ, ಅದಕ್ಕೆ ಏನೆನ್ನಬೇಕು! ಎರಡೇ ದಿನ. ಆಟದ ಹೊತ್ತಿನಲ್ಲಿ ಯಾರೋ ಕೆಕೆತ್ಸ್ ಆದರು, ಇವನಿಗೆ ಮೋಯ್ತ್ಸಾಳ ಪಾತ್ರ ಕೊಟ್ಟರು, ಕಣ್ಣಿಗೆ ನೀರು ಚಿಮುಕಿಸಿ ‘ಈಗ ನಿನಗೆ ಕಾಣಿಸಬೇಕು’ ಎಂದರು.

ಮನೆಗೆ ಬಂದವನು ಅಳಲಿಲ್ಲ. ‘ಅಪ್ಪಾ, ಆ ಹನಿ ಇರುವುದು ನಿನಗೆ ಮೊದಲೇ ಗೊತ್ತಿತ್ತಲ್ಲ?’ ಎಂದ.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಔಷಧ ಇದೆ, ಅಪ್ಪನಿಗೆ ಗೊತ್ತು, ಅಪ್ಪ ಮುಚ್ಚಿಟ್ಟ. ಮುಂದಿನ ತಿಂಗಳು ಕಣ್ಣಿನ ತಪಾಸಣೆ ಇತ್ತು. ಕಣ್ಣುಪಾಪೆ ಹಿಗ್ಗಿಸುವ ಹನಿ ಹಾಕುತ್ತಾರಲ್ಲ, ಎಂದೂ ರಂಪ ಮಾಡದೆ ಬಿಡದವನು ಆ ದಿನ ತಾನೇ ಮುಖ ಎತ್ತಿ ಹಾಕಿಸಿಕೊಂಡ. ಆ ಹನಿಯಿಂದ ಕೆಲವು ಗಂಟೆ ಹತ್ತಿರದ್ದೆಲ್ಲ ಇನ್ನಷ್ಟು ಮಬ್ಬು, ಬೆಳಕು ಚುಚ್ಚುತ್ತದೆ. ಬಸ್ಸಿನಲ್ಲಿ ತನ್ನ ಅಂಗೈಯನ್ನೇ ಮುಖದ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡುತ್ತಿದ್ದ. ಅವನ ತೊಂದರೆ ಇರುವುದು ರೆಟಿನಾದಲ್ಲಿ, ಯಾವ ಹನಿಯೂ ಅಲ್ಲಿ ಕೆಲಸ ಮಾಡದು. ಇದನ್ನು ಮೊದಲ ರಾತ್ರಿ ಹೇಳಬೇಕಾಗಿತ್ತು, ಬಸ್ಸಿನಲ್ಲಿ ಹೇಳಿದೆ. ನಂಬಲಿಲ್ಲ. ಆಮೇಲೆ ಬಹಳ ದಿನ ನಾನು ಯಾವ ಕಥೆ ಹೇಳಿದರೂ ‘ಇಷ್ಟೇನಾ?’ ಎಂದು ಕೇಳುತ್ತಿದ್ದ. ಅವನ ಅಜ್ಜಿ ಫೋನಿನಲ್ಲಿ ಬೇಡರ ಕಣ್ಣಪ್ಪನ ಕಥೆಯನ್ನು ಕಣ್ಣು ಕಿತ್ತಿಟ್ಟಲ್ಲಿಂದ ಮರಳಿ ಪಡೆದವರೆಗೂ ಒಂದು ಚೂರೂ ಬಿಡದೆ ಹೇಳಿದಾಗ ಮಾತ್ರ ಆ ಪ್ರಶ್ನೆ ಬರಲಿಲ್ಲ.

ಹಾಗಾಗಿ ತೋರಿಸಿ, ಕೊನೆಯವರೆಗೂ ತೋರಿಸಿ. ನಿಮ್ಮ ಮಗಳ ಕಣ್ಣಿಗೆ ಏನಾಗಿದೆ ಎಂಬುದನ್ನು ಮಾತ್ರ ಚಿತ್ರಕ್ಕೆ ಮೊದಲೇ, ರೋಗದ ಹೆಸರು ಸಹಿತ ಹೇಳಿಬಿಡಿ. ಹಳ್ಳಿಯವರೆಲ್ಲ ಒಂದೇ ಬಣ್ಣದವರು, ನಮ್ಮ ಮಕ್ಕಳಂಥವರು ಒಬ್ಬರೂ ಇಲ್ಲ ಎಂದೂ ಬರೆದಿದ್ದೀರಿ. ಕ್ಷಮಿಸಿ, ನನ್ನ ಮಗನಿಗೆ ಅದು ತಟ್ಟಲೇ ಇಲ್ಲ. ತಟ್ಟಿದ್ದು ಮೋಯ್ತ್ಸಾಳೊಬ್ಬಳೇ, ಅವಳು ಅವನಂಥವಳೇ ಆಗಿದ್ದಳು. ಕಣ್ಣು ಬಂದರೆ ಮಾತ್ರ ಅವಳ ಕಥೆ ಸುಖವಾಗುತ್ತದೆ ಎಂಬುದರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆ ಸಿಟ್ಟನ್ನು ಮಗಳ ಮುಂದೆಯೇ ತೋಡಿಕೊಳ್ಳಿ, ಅವಳೂ ಜಗಳಕ್ಕೆ ಬರಲಿ.

ನಾವು ಮತ್ತೆ ಕೂತು ಪೂರ್ತಿ ನೋಡಿದ್ದು ಒಂದು ವರ್ಷದ ನಂತರ. ಟಿವಿಯಿಂದ ಒಂದು ಗೇಣು ದೂರದಲ್ಲಿ ಕೂತಿದ್ದ. ಹನಿಯ ದೃಶ್ಯ ಬಂತು, ಹೋಯಿತು. ನಾನು ಉಸಿರು ಬಿಗಿಹಿಡಿದಿದ್ದೆ. ಅವನು ಕೇಳಿದ್ದು ಒಂದೇ: ‘ಮೋಯ್ತ್ಸಾ ಮನೆಗೆ ಹೋದಳಲ್ಲ, ಇನ್ನು ಪೆಹ್ತಾಳ ಜೊತೆಗೆ ಯಾರಿರುತ್ತಾರೆ?’