ಯುರೋಪಿನ ಪಟ್ಟಿ, ಅಮೆರಿಕದ ಪಟ್ಟಿ, ದುರ್ಗದ ತಾರಸಿ

ಪ್ರಶ್ನೆ: ಚಿತ್ರದುರ್ಗದಲ್ಲಿರುವ ನಮ್ಮ ಮನೆ 1994ರಲ್ಲಿ ಕಟ್ಟಿಸಿದ್ದು. ತಾರಸಿಯ ಮೇಲೆ ಸೋಲಾರ್ ಫಲಕಗಳ ಸ್ಟ್ಯಾಂಡನ್ನು ಕೆಮಿಕಲ್ ಆಂಕರ್ (ಕಾಂಕ್ರೀಟಿನಲ್ಲಿ ರಂಧ್ರ ಕೊರೆದು ಅಂಟಿನಿಂದ ಕೂರಿಸುವ ರಾಡು) ಹಾಕಿ ಕೂರಿಸಬೇಕೆಂದಿದ್ದೇವೆ. ಅಂಟಿನ ಕೈಪಿಡಿಯಲ್ಲಿ ಯುರೋಪಿನ ಮಾನದಂಡದ್ದೊಂದು, ಅಮೆರಿಕದ್ದೊಂದು ಪಟ್ಟಿ ಇದೆ. ಒಂದೇ 12 ಮಿ.ಮೀ. ರಾಡಿಗೆ ಎರಡರಲ್ಲೂ ಬೇರೆ ಬೇರೆ ಅಂಕಿ! ಯಾವುದನ್ನು ನಂಬುವುದು?

ಉತ್ತರ: ಎರಡನ್ನೂ ನಂಬಬಹುದು, ಬೆರೆಸಬಾರದು. ಯುರೋಪಿನ ಇಎನ್ 1992-4, ಅಮೆರಿಕದ ಎಸಿಐ 318 ಎಂಬ ಮಾನದಂಡಗಳಲ್ಲಿ ಸುರಕ್ಷತೆಗಾಗಿ ಭಾರವನ್ನು ಹಿಗ್ಗಿಸುವ, ಅಂಟಿನ ಬಲವನ್ನು ಕುಗ್ಗಿಸುವ ಲೆಕ್ಕಗಳು ಬೇರೆ ಬೇರೆ. ಅಲ್ಲಿಯ ಅಂಕಿಯನ್ನು ಇಲ್ಲಿಯ ಸೂತ್ರಕ್ಕೆ ತುರುಕಿದರೆ ಸೇರಿನಲ್ಲಿ ಅಳೆದು ಕಿಲೋದಲ್ಲಿ ಬೆಲೆ ಕಟ್ಟಿದ ಹಾಗೆ.

ಪಟ್ಟಿಯಲ್ಲಿ ಮೊದಲು ಕಾಂಕ್ರೀಟಿನ ಉಷ್ಣಾಂಶದ ಸಾಲನ್ನು ಹುಡುಕಿ. ಯುರೋಪಿನ ಮೊದಲ ಶ್ರೇಣಿ ದೀರ್ಘಕಾಲಕ್ಕೆ 24 ಡಿಗ್ರಿ, ಅಲ್ಪಕಾಲಕ್ಕೆ 40 ಡಿಗ್ರಿ ಸೆಲ್ಸಿಯಸ್. ದೊಡ್ಡ ಅಂಕಿಗಳು ಇರುವುದು ಅದರಲ್ಲೇ; ಅಂಗಡಿಯವರು ತೋರಿಸುವುದೂ ಅದನ್ನೇ. ಏಪ್ರಿಲ್ ಮಧ್ಯಾಹ್ನ ಬರಿಗಾಲು ಇಡಲಾಗದ ನಿಮ್ಮ ತಾರಸಿಗೆ ಅದು ಸಲ್ಲದು. 50 ಮತ್ತು 80 ಡಿಗ್ರಿಯ ಎರಡನೆಯ ಶ್ರೇಣಿಯನ್ನು ನೋಡಿ. ಅಮೆರಿಕದ ‘ಎ’ ವರ್ಗ 43 ಮತ್ತು 80 ಡಿಗ್ರಿಯದು, ನಮ್ಮ ಬಿಸಿಲಿಗೆ ಹತ್ತಿರ.

ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಕಾಂಕ್ರೀಟಿನದು. ಯುರೋಪಿನ ಪಟ್ಟಿ ಸಾಮಾನ್ಯವಾಗಿ ಸಿ20/25ರಿಂದ ಶುರು: ಕಾಂಕ್ರೀಟಿನ ಸಿಲಿಂಡರನ್ನು ಒತ್ತಿ ಅಳೆದ ಬಲ 20, ಕ್ಯೂಬನ್ನು ಒತ್ತಿ ಅಳೆದದ್ದು 25 (ಚದರ ಮಿ.ಮೀ.ಗೆ ನ್ಯೂಟನ್). ನಮ್ಮಲ್ಲಿ ‘ಎಂ’ ಮುಂದಿನ ಅಂಕಿ ಕ್ಯೂಬಿನದು. ಅಂದರೆ ಅದು ಎಂ25. ಅಮೆರಿಕದ್ದು ಸಿಲಿಂಡರಿನಲ್ಲಿ 2500 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), ನಮ್ಮ ಲೆಕ್ಕಕ್ಕೆ ಎಂ20ಕ್ಕಿಂತ ತುಸು ಮೇಲೆ. ಆರ್‌ಸಿಸಿಗೆ ಕನಿಷ್ಠ ಎಂ20 ಎಂದು ನಮ್ಮ ಕಾಂಕ್ರೀಟ್ ಮಾನದಂಡ ಐಎಸ್ 456 ಹೇಳಿದ್ದು 2000ನೇ ಇಸವಿಯಲ್ಲಿ. ಅದಕ್ಕೆ ಮುಂಚೆ ಎಂ15 ನಡೆಯುತ್ತಿತ್ತು. 1994ರ ನಿಮ್ಮ ಸ್ಲ್ಯಾಬಿನವರೆಗೆ ಎರಡೂ ಪಟ್ಟಿಗಳ ಕೈ ಚಾಚದಿರಬಹುದು.

ಹಾಗಾಗಿ ಸ್ಟ್ಯಾಂಡಿನ ಕಂಬಗಳನ್ನು ತೊಲೆ ಅಥವಾ ಗೋಡೆಯ ನೇರಕ್ಕೆ ತನ್ನಿ. ಎರಡು ಮೂರು ರಾಡುಗಳನ್ನು ಅದೇ ತಾರಸಿಯಲ್ಲಿ ಬೇರೆಡೆ ಕೂರಿಸಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆ ಎಂಜಿನಿಯರ್ ಎದುರಿಗೆ ಜಾಕ್‌ನಿಂದ ಎಳೆಸಿ ನೋಡಿ. ಆ ಅಂಕಿ ನಿಮ್ಮ ಮನೆಯದೇ.

2006ರಲ್ಲಿ ಬಾಸ್ಟನ್ ನಗರದ ಸುರಂಗ ರಸ್ತೆಯಲ್ಲಿ ಎಪಾಕ್ಸಿ ಅಂಟಿನಿಂದ ತೂಗುಹಾಕಿದ್ದ ಚಾವಣಿ ಕುಸಿದು ಮಹಿಳೆಯೊಬ್ಬರು ಸತ್ತ ಸುದ್ದಿ ಓದಿ ನೀವು ಹೆದರಿರಬಹುದು. ಅಲ್ಲಿ ಭಾರ ಹಗಲೂ ರಾತ್ರಿ ಜಗ್ಗುತ್ತಿತ್ತು, ಅಂಟು ನಿಧಾನಕ್ಕೆ ಜಾರಿತು. ನಿರಂತರ ಎಳೆತವಿದ್ದರೆ ಎಸಿಐ ಅಂಟಿನ ಬಲದಲ್ಲಿ ಶೇ 55ನ್ನು ಮಾತ್ರ ಎಣಿಸುತ್ತದೆ. ಯುರೋಪಿನಲ್ಲಿ ಪರೀಕ್ಷೆಯ ಅಂಕಿ ಇಲ್ಲದಿದ್ದರೆ ಶೇ 60. ನಿಮ್ಮ ಫಲಕಗಳ ತೂಕ ಕೆಳಕ್ಕೆ ಒತ್ತುತ್ತದೆ, ಗಾಳಿ ಎತ್ತುವುದು ಆಗಾಗ. ಈ ಭಯ ಬೇಡ.

ಕೆಲಸ ಬೆಳಿಗ್ಗೆಯೇ ಮುಗಿಯಲಿ. ಬಿಸಿಲೇರಿದರೆ ಅಂಟು ರಂಧ್ರ ತುಂಬುವ ಮುಂಚೆಯೇ ಬಿಗಿಯಬಹುದು. ಟ್ಯೂಬಿನ ಮೇಲಿನ ದಿನಾಂಕ ನೋಡಿ. ಬ್ರಷ್, ಪಂಪ್ ಇಲ್ಲದೆ ಬಂದು ರಂಧ್ರದ ಧೂಳನ್ನು ಬಾಯಿಂದ ಊದುವ ಮೇಸ್ತ್ರಿಗೆ ಚಹಾ ಕೊಟ್ಟು ಕಳುಹಿಸಿಬಿಡಿ.