ನಾಲ್ಕು ದಿನ, ಮೂರು ಊರು, ಎರಡು ವರ್ಷದ ಮಗು

ಪತ್ರ: ನಮ್ಮ ಮಗಳಿಗೆ ಈಗ ಎರಡು ವರ್ಷ ಎರಡು ತಿಂಗಳು. ಅವಳು ಹುಟ್ಟಿದ ಮೇಲೆ ನಾವು ಎಲ್ಲಿಗೂ ಹೋಗಿಲ್ಲ. ಡಿಸೆಂಬರ್ ಕೊನೆಯ ವಾರ ಹೇಗೋ ನಾಲ್ಕು ದಿನ ರಜೆ ಹೊಂದಿಸಿಕೊಂಡಿದ್ದೇವೆ. ನಮ್ಮ ಯಜಮಾನರು ಮಡಿಕೇರಿ, ವಯನಾಡು, ಊಟಿ ಮೂರನ್ನೂ ಕಾರಿನಲ್ಲಿ ಮುಗಿಸಿ ಬರುವ ಪಟ್ಟಿ ಹಾಕಿದ್ದಾರೆ. ಪಟ್ಟಿಯನ್ನೂ ಕಳಿಸಿದ್ದೇನೆ. ‘ಮತ್ತೆ ಯಾವಾಗ ಹೋಗ್ತೀವೋ ಏನೋ, ಹೋದಾಗ ಎಲ್ಲ ನೋಡ್ಕೊಂಡು ಬಂದುಬಿಡೋಣ’ ಅನ್ನುತ್ತಾರೆ. ನನಗೆ ಒಂದೇ ಕಡೆ ಸುಮ್ನೆ ಇದ್ದು ಬರುವ ಆಸೆ. ಅತ್ತೆಯಂತೂ ‘ಐದು ವರ್ಷ ತುಂಬೋವರೆಗೆ ಎಲ್ಲಿಗೂ ಬೇಡ, ಅದಕ್ಕೇನು ನೆನಪಿರುತ್ತಾ?’ ಅನ್ನುತ್ತಾರೆ. ಆರಾಮಾಗಿ ಹೋಗಿ ಬರೋದು ಹೇಗೆ, ನೀವೇ ಹೇಳಿ. (ಓದುಗರು, ಬೆಂಗಳೂರು)

ಸಂಪಾದಕರ ಉತ್ತರ: ಪಟ್ಟಿಯನ್ನು ಎರಡು ಸಲ ಓದಿದೆ. ಅಕ್ಷರ ಚೆನ್ನಾಗಿದೆ. ಮೊದಲ ದಿನ ಬೆಳಿಗ್ಗೆ 5ಕ್ಕೆ ಮನೆ ಬಿಡುವುದು. 10.30ಕ್ಕೆ ದುಬಾರೆ, 1ಕ್ಕೆ ನಿಸರ್ಗಧಾಮ, 3ಕ್ಕೆ ಅಬ್ಬಿ ಜಲಪಾತ, ಸಂಜೆ ರಾಜಾಸೀಟ್‌ನಲ್ಲಿ ಸೂರ್ಯಾಸ್ತ. ಎರಡನೇ ದಿನ ತಲಕಾವೇರಿ ನೋಡಿಕೊಂಡು ವಯನಾಡು. ಮೂರನೇ ದಿನ ಎಡಕ್ಕಲ್ ಗುಹೆ ಹತ್ತಿ ಇಳಿದು, ಗೂಡಲೂರಿನ ಮೇಲೆ ಊಟಿ. ನಾಲ್ಕನೇ ದಿನ ಊಟಿ ಮುಗಿಸಿ ವಾಪಸ್, ಅದೂ ರಾತ್ರಿ 9ರೊಳಗೆ, ಏಕೆಂದರೆ ಆಮೇಲೆ ಬಂಡೀಪುರದ ಕಾಡಿನ ರಸ್ತೆ ಮುಚ್ಚುತ್ತಾರೆ. ದೂರ ಕೂಡಿಸಿ ನೋಡಿದೆ. ಹೆಚ್ಚುಕಡಿಮೆ 800 ಕಿ.ಮೀ. ಆಯಿತು. ಅದರಲ್ಲಿ ದೊಡ್ಡ ಪಾಲು ತಿರುವಿನ ರಸ್ತೆ. ಏನಿಲ್ಲವೆಂದರೂ 20 ಗಂಟೆ ಕಾರಿನೊಳಗೆ. ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದು ಮಾತ್ರ ಪಟ್ಟಿಯಲ್ಲಿ ಇಲ್ಲ. ಇನ್ನೊಂದೂ ಇಲ್ಲ. ಮಗು ಮಧ್ಯಾಹ್ನ ಮಲಗುವುದು ಎಲ್ಲಿ?

ನಿಮ್ಮವರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ಮೂರು ಊರು ನೋಡುವ ಆಸೆ ತಪ್ಪಲ್ಲ. ಕೆಲವರಿಗೆ ಸ್ಟೇರಿಂಗ್ ಹಿಡಿದರೇನೇ ಆರಾಮು. ಕೂರ್ಗಿನ ದಾರಿ ಚಂದ ಇದೆ, ನಿಜ. ಸರಿ, ಅಷ್ಟಾಯಿತು.

ಈಗ ನನ್ನ ಮಾತು. ಚಿಕ್ಕ ಮಗು ಇರುವವರು ಒಂದೇ ಊರಿಗೆ ಹೋಗಬೇಕು, ಒಂದೇ ಕೋಣೆಯಲ್ಲಿ ಉಳಿಯಬೇಕು, ಮಗುವಿನ ಮಧ್ಯಾಹ್ನದ ನಿದ್ದೆಯ ಸುತ್ತ ದಿನವನ್ನು ಹೊಂದಿಸಬೇಕು. ನನಗೆ ಇದು ಹಟದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪುಟ್ಟ ಮಕ್ಕಳ ಬಗ್ಗೆ ಒಂದು ಸಲಹೆಪಟ್ಟಿ ಕೊಟ್ಟಿತು. ನಿಮ್ಮ ಮಗಳ ವಯಸ್ಸಿನವರಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ಐದು ವರ್ಷದೊಳಗಿನ ಮಕ್ಕಳನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು ಅಂತಲೂ ಇದೆ. ಇನ್ನೊಂದು ಕಡೆ, 2019ರಲ್ಲೇ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಕಾರಿನಲ್ಲಿ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕಟ್ಟಲೇಬೇಕು ಅನ್ನುತ್ತದೆ. 14 ವರ್ಷದೊಳಗಿನ ಮಗುವನ್ನು ಹಾಗೇ ಕೂರಿಸಿದರೆ 1000 ರೂಪಾಯಿ ದಂಡ. ಎರಡೂ ಸರಿಯಾದ ಮಾತೇ. ಎರಡನ್ನೂ ಪಾಲಿಸಿದರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ ಮಗುವನ್ನು ಓಡಾಡಿಸಬೇಕು. ಆಗ ನಿಮ್ಮವರ 10.30ರ ದುಬಾರೆ ಮಧ್ಯಾಹ್ನಕ್ಕೆ ಜಾರುತ್ತದೆ. ಪಾಲಿಸದಿದ್ದರೆ ಮಗು ನಿಮ್ಮ ತೊಡೆಯ ಮೇಲೆ ಇರುತ್ತದೆ. ಅಳುವುದನ್ನು ನಿಲ್ಲಿಸಲು ಕೈಗೆ ಮೊಬೈಲ್ ಬರುತ್ತದೆ. ಹಾಗಾದರೆ 800 ಕಿ.ಮೀ. ಹೋಗಿ ಅವಳು ನೋಡಿದ್ದೇನು?

ಹೋಟೆಲಿನವರು ಮಗುವಿಗೆ ಮಾಡುವ ಅನ್ಯಾಯವೊಂದಿದೆ, ಯಾರೂ ಬರೆಯುವುದಿಲ್ಲ. ಬಹುತೇಕ ಕಡೆ ಕೋಣೆ ಸಿಗುವುದು ಮಧ್ಯಾಹ್ನ 12ಕ್ಕೋ 2ಕ್ಕೋ. ಖಾಲಿ ಮಾಡಬೇಕಾದ್ದು 11ಕ್ಕೆ. ನಡುವಿನ ಹೊತ್ತು ಮಗುವಿಗೆ ಉಣಿಸಿ ಮಲಗಿಸುವ ಹೊತ್ತು. ದಿನಕ್ಕೊಂದು ಊರು ಬದಲಾಯಿಸಿದರೆ ದಿನಾ ಆ ಹೊತ್ತಿಗೆ ನೀವು ಬೀದಿಯಲ್ಲಿ ಇರುತ್ತೀರಿ. ಒಂದೇ ಕಡೆ ಉಳಿದರೆ ಈ ಕಷ್ಟ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಅಷ್ಟೇ.

ಪಟ್ಟಿ ಹಾಕಿದ್ದು ಅವರು, ಬ್ಯಾಗು ತುಂಬುವುದು ನೀವು. ಹೌದಲ್ವಾ? ನೀವು ಪತ್ರದಲ್ಲಿ ಬರೆದಿಲ್ಲ, ಆದರೆ ಗೊತ್ತಾಗುತ್ತದೆ. ಮಗು ಒಂದೂವರೆಗೆ ತೂಕಡಿಸಿ, ಎರಡಕ್ಕೆ ಮಲಗಿ, ನಾಲ್ಕಕ್ಕೆ ಏಳುವುದನ್ನು ದಿನಾ ನೋಡಿದವರು 1ಕ್ಕೆ ನಿಸರ್ಗಧಾಮ, 3ಕ್ಕೆ ಅಬ್ಬಿ ಅಂತ ಬರೆಯುವುದಿಲ್ಲ. ಅವರು ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದಿಲ್ಲ. ಆದರೆ ಅವರನ್ನು ಬೈಯಬೇಡಿ. ಹೆತ್ತ ತಾಯಿಗೆ 26 ವಾರ ರಜೆ ಅಂತ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಆಯಿತು, ಒಳ್ಳೆಯದು. ಅಪ್ಪನಿಗೆ? ಕೇಂದ್ರ ಸರಕಾರದ ನೌಕರರಿಗೆ 15 ದಿನ ಇದೆ. ಖಾಸಗಿ ಕಂಪನಿಯವರಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ, ಕೊಟ್ಟರೆ ಅದು ಕಂಪನಿಯ ದಯೆ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಲೆಕ್ಕದಲ್ಲಿ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ. ಅದರಲ್ಲಿ ಊರಿನ ಮದುವೆ, ಮನೆಯ ಗೃಹಪ್ರವೇಶ, ಅಪ್ಪನ ಕಣ್ಣಿನ ಆಪರೇಷನ್ ಎಲ್ಲ ಕಳೆದು ಉಳಿಯುವುದು ಎಷ್ಟು? ನಾಲ್ಕು ದಿನ ಸಿಕ್ಕವನು ಮೂರು ಊರು ತುರುಕದೆ ಇನ್ನೇನು ಮಾಡುತ್ತಾನೆ? ‘ಮತ್ತೆ ಯಾವಾಗ ಹೋಗ್ತೀವೋ’ ಅನ್ನುವ ಮಾತು ಅಲ್ಲಿಂದ ಬಂದದ್ದು. ಐವತ್ತು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೋಣೆ ಇರಬೇಕು ಅಂತಲೂ ಅದೇ 2017ರ ತಿದ್ದುಪಡಿಯಲ್ಲಿ ಆಯಿತು. ಅದಿದ್ದರೆ ನಿಮ್ಮವರೂ ಊಟದ ಬಿಡುವಿನಲ್ಲಿ ಮಗಳು ಮಲಗಿದ್ದನ್ನು ನೋಡಿರುತ್ತಿದ್ದರು. ನಿಮ್ಮ ಆಫೀಸುಗಳಲ್ಲಿ ಇದೆಯಾ, ಒಮ್ಮೆ ಕೇಳಿ ನೋಡಿ.

ನಮ್ಮಂಥ ಪತ್ರಿಕೆಯವರೂ ಈ ಓಟಕ್ಕೆ ಗಾಳಿ ಹಾಕಿದವರೇ. ಪ್ರವಾಸ ಲೇಖನ ಅಂತ ನಮಗೆ ಬರುವುದರಲ್ಲಿ ಮುಕ್ಕಾಲು ಭಾಗ ‘ಎರಡು ದಿನದಲ್ಲಿ ಏಳು ಜಲಪಾತ’ದ ಜಾತಿಯವು. ಓದಿದರೆ ನನಗೇ ಕಾಲು ನೋಯುತ್ತದೆ. ಒಂದು ಊರಿನಲ್ಲಿ ಕೂತು, ಅಲ್ಲಿನ ಬಸ್‌ಸ್ಟ್ಯಾಂಡು, ಸಂತೆ, ಬೆಳಗಿನ ಇಡ್ಲಿ ಬಗ್ಗೆ ಬರೆದವರು ಸಿಗುವುದೇ ಅಪರೂಪ.

ಮಕ್ಕಳು ನಡೆಯುವ ರೀತಿ ಬಗ್ಗೆ ಮರಿಯಾ ಮಾಂಟೆಸ್ಸರಿ ಬಹಳ ಯೋಚಿಸಿದ್ದರು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದವರು. ಯುದ್ಧ ಶುರುವಾಗಿ, ಇಟಲಿಯವರು ಅನ್ನುವ ಕಾರಣಕ್ಕೆ ಇಲ್ಲೇ ಸಿಕ್ಕಿಹಾಕಿಕೊಂಡರು. ಕೆಲವು ವರ್ಷ ಕೊಡೈಕೆನಾಲಿನಲ್ಲಿ ಇದ್ದರು. ದೊಡ್ಡವರು ಎಲ್ಲಿಗೋ ತಲುಪಲು ನಡೆಯುತ್ತಾರೆ, ಮಗು ನಡೆಯುವುದಕ್ಕೇ ನಡೆಯುತ್ತದೆ ಅನ್ನುವುದು ಆಕೆ ಕಂಡುಕೊಂಡ ಸಂಗತಿ. ಎರಡು ವರ್ಷದ ಮಗು ತನ್ನ ಪಾಡಿಗೆ ಬಿಟ್ಟರೆ ಮೈಲಿಗಟ್ಟಲೆ ನಡೆಯಬಲ್ಲದು, ಆದರೆ ನಾಯಿ ಕಂಡಲ್ಲಿ, ಹೂವು ಕಂಡಲ್ಲಿ ನಿಲ್ಲುತ್ತದೆ. ನಮ್ಮ ಕಾಲದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಆಡಾಲ್ಫ್ ಮತ್ತು ಜೊತೆಗಾರರು ಇದನ್ನು ಎಣಿಸಿಯೇ ನೋಡಿದರು. 2012ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. ಎಲ್ಲಿಗೆ ಹೋಗುತ್ತವೆ ಅಂದರೆ, ಹೆಚ್ಚಿನ ಸಲ ಎಲ್ಲಿಗೂ ಇಲ್ಲ. ಇಂಥವರನ್ನು ಎತ್ತಿಕೊಂಡು ಹೋಗಿ ವ್ಯೂ ಪಾಯಿಂಟ್‌ನ ಕಂಬಿಯ ಮುಂದೆ ನಿಲ್ಲಿಸಿ ‘ಅಲ್ನೋಡು ಮೋಡ’ ಅಂದರೆ ಅವು ಕಂಬಿಯನ್ನು ನೆಕ್ಕುತ್ತವೆ.

ನಮ್ಮ ಕಚೇರಿಯ ಗೆಳೆಯರೊಬ್ಬರು ಮಗನನ್ನು ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದರು. 1892ರಿಂದ ಇರುವ ಜಾಗ, ಜಿರಾಫೆ ಇದೆ, ಆನೆ ಇದೆ. ಅವನು ಕಣ್ಣು ಕೀಳದೆ ನೋಡಿದ್ದು ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿಯನ್ನು, ಅದರ ಕೆಳಗಿನ ಇರುವೆ ಸಾಲನ್ನು. ಗೆಳೆಯರಿಗೆ ಟಿಕೆಟ್ ದುಡ್ಡು ದಂಡವಾಯಿತು ಅಂತ ಸಿಟ್ಟು. ನನಗೆ ಕೇಳಿ ಖುಷಿಯಾಯಿತು. ಅಂಥ ನಲ್ಲಿ ಎಲ್ಲ ಊರಲ್ಲೂ ಇರುತ್ತದೆ, ಅದಕ್ಕೆ ಮೂರು ಜಿಲ್ಲೆ ಸುತ್ತಬೇಕಾಗಿಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ನೆನಪಿನ ಮಟ್ಟಿಗೆ ಅವರು ಸರಿ. ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಸುಮಾರಿನದು. ಅದಕ್ಕೂ ಹಿಂದಿನದು ಉಳಿಯುವುದಿಲ್ಲ. ಆದರೆ ಜೋಗುಳವೂ ಮಗುವಿಗೆ ನೆನಪಿರುವುದಿಲ್ಲ. ಅತ್ತೆ ಹಾಡುವುದು ಬಿಟ್ಟರಾ? ನೀವು ಹೋಗುತ್ತಿರುವುದು ನಿಮಗಾಗಿ. ಅದನ್ನು ಹೇಳಿಕೊಳ್ಳಲು ನಾಚಿಕೆ ಯಾಕೆ?

‘ನಮ್ಮ ಕಾಲದಲ್ಲಿ ಅಜ್ಜಿ ಮನೆಗೆ ಹೋಗ್ತಿದ್ವಿ, ಇದೆಲ್ಲ ಇರಲಿಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಏಪ್ರಿಲ್ ಬಂದರೆ ಅಜ್ಜಿ ಮನೆಗೆ ಹೋದವನೇ. ಒಂದೇ ಕಡೆ ಉಳಿಯಬೇಕು ಅನ್ನುವ ಹಟ ಹತ್ತಿದ್ದೂ ಅಲ್ಲೇ. ಮಾವಿನ ಮರ, ಬಾವಿಕಟ್ಟೆ, ಹತ್ತು ಹನ್ನೆರಡು ಮಕ್ಕಳು. ಯಾವ ಮಗು ಯಾರ ಸೊಂಟದ ಮೇಲಿದೆ ಅಂತ ಯಾರೂ ಹುಡುಕುತ್ತಿರಲಿಲ್ಲ. ಆದರೆ ಅಲ್ಲಿ ರಜೆ ಇದ್ದದ್ದು ಮಕ್ಕಳಿಗೆ ಮತ್ತು ಗಂಡಸರಿಗೆ. ಒಲೆಯ ಮುಂದಿನಿಂದ ಅಜ್ಜಿ ಎದ್ದದ್ದನ್ನು ನಾನು ನೋಡಿಲ್ಲ. ಅಮ್ಮ, ಚಿಕ್ಕಮ್ಮಂದಿರು ತವರಿಗೆ ಬಂದರೂ ಪಾತ್ರೆ ತೊಳೆಯುತ್ತಿದ್ದರು. ಹಾಗಾಗಿ ನಿಮಗೆ ನನ್ನ ಶಿಫಾರಸು, ಅಡುಗೆಮನೆ ನಿಮ್ಮದಲ್ಲದ ಜಾಗಕ್ಕೆ ಹೋಗಿ. ಮೊದಲೇ ಫೋನ್ ಮಾಡಿ, ಖಾರ ಹಾಕದ ಬೇಳೆ ಕಟ್ಟು, ಮೆತ್ತಗಿನ ಅನ್ನ, ಮೊಸರು ಸಿಗುತ್ತದಾ ಅಂತ ಕೇಳಿ. ‘ಮಕ್ಕಳ ಮೆನು’ ಅಂತ ಆಲೂಗಡ್ಡೆ ಕರಿದು ಕೊಡುವವರು ಬೇಡ.

ಎಲ್ಲಿಗೆ ಅಂತ ಕೇಳಿದರೆ, ನಾನು ಕಾರವಾರ ಅನ್ನುತ್ತೇನೆ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಅಲ್ಲಿಗೆ ಮುಟ್ಟುತ್ತದೆ. ಘಾಟಿಯ ದಾರಿ ಪೂರ್ತಿ ಮಗು ನಿದ್ದೆಯಲ್ಲಿ ದಾಟುತ್ತದೆ, ನೀವೂ ಸ್ವಲ್ಪ ದಾಟಬಹುದು. ಕಡಲು ಊರಿಗೆ ಅಂಟಿಕೊಂಡೇ ಇದೆ. ಕಾರು ಬೇಡ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಮ್ಮೆ, ಸಂಜೆ ಒಮ್ಮೆ ಮರಳಿಗೆ ಬಿಡಿ. ನೀರಿನ ಹತ್ತಿರ ಮಾತ್ರ ಮಗು ಕೈಯಳತೆಯಲ್ಲೇ ಇರಬೇಕು. ಅಲೆ ಸಣ್ಣದು ಅಂತ ನಂಬಿ ಫೋನ್ ನೋಡಬೇಡಿ. ರವೀಂದ್ರನಾಥ ಟ್ಯಾಗೋರರು 1880ರ ದಶಕದಲ್ಲಿ ಅಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರು, ಅಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದರು. ಆ ತೀರಕ್ಕೆ ಈಗ ಅವರ ಹೆಸರೇ ಇದೆ. ಬಂದವರು ಉಳಿದರು, ಅದು ನನಗೆ ಮುಖ್ಯ. ನಿಮ್ಮವರಿಗೆ ಕೈಕಾಲು ಕಟ್ಟಿದಂತಾದರೆ ಒಂದು ಬೆಳಿಗ್ಗೆ ಅವರೊಬ್ಬರೇ ಸದಾಶಿವಗಡದ ಕೋಟೆಗೆ ಹೋಗಿ ಬರಲಿ. ಮರುದಿನ ಬೆಳಿಗ್ಗೆ ನಿಮ್ಮದು. ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ಬಾಗಿಲು ಹಾಕಿಕೊಂಡು ಮಲಗಿ. ಮಗುವಿಗೆ ಇಡ್ಲಿ ತಿನ್ನಿಸುವುದು ಅಪ್ಪನ ಪಾಲು.

ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ. ನಿಮ್ಮ ಮಗಳು ಇನ್ನೂ ಶಾಲೆಗೆ ಸೇರಿಲ್ಲ. ಇದು ಎಂಥ ಅದೃಷ್ಟ ಅಂತ ನಿಮಗೆ ಇನ್ನೆರಡು ವರ್ಷಕ್ಕೆ ಗೊತ್ತಾಗುತ್ತದೆ. ಶಾಲೆಯ ರಜೆಯಲ್ಲಿ ಹೋಗಬೇಕಾದವರು ಪಾಪ, ದುಪ್ಪಟ್ಟು ಬಾಡಿಗೆ ಕೊಟ್ಟು ಜನಜಂಗುಳಿಯಲ್ಲಿ ನಿಲ್ಲುತ್ತಾರೆ. ನೀವು ಜನವರಿಯ ಒಂದು ಸೋಮವಾರ ಹೊರಡಿ.

ಒಂದು ತೊಂದರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಗುವಿನ ಚಡ್ಡಿ ಬದಲಾಯಿಸುವ ಜಾಗ ನಮ್ಮ ಪ್ರವಾಸಿ ತಾಣಗಳಲ್ಲಿ ಸಿಗುವುದಿಲ್ಲ. 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ‘ಬ್ಲೂ ಫ್ಲ್ಯಾಗ್’ ಸಿಕ್ಕಿತು. ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಸಂಸ್ಥೆ ಕೊಡುವ ಮನ್ನಣೆ ಅದು, 33 ಷರತ್ತುಗಳಿವೆ. ಶುದ್ಧ ನೀರು, ಶೌಚಾಲಯ, ಜೀವರಕ್ಷಕರು ಎಲ್ಲ ಅದರಲ್ಲಿ ಬರುತ್ತದೆ. ನಮ್ಮ ಕರಾವಳಿ 300 ಕಿ.ಮೀ.ಗೂ ಉದ್ದ ಇದೆ. ತೊಳೆದ ಶೌಚಾಲಯ ಇಡಲು ಹೊರದೇಶದ ಬಾವುಟವೇ ಬರಬೇಕಾ? ಜಲಪಾತವೊಂದರ ಹತ್ತಿರ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಪಾರ್ಕಿಂಗ್ ವಸೂಲಿಯವನ ಜೇಬಿನಲ್ಲಿ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ಅವನು ಊಟಕ್ಕೆ ಹೋಗಿದ್ದ. ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಮಗುವನ್ನು ಮಲಗಿಸುವ ಹಲಗೆ ಇರುತ್ತದೆ, ಅದೂ ಹೆಚ್ಚಾಗಿ ಹೆಂಗಸರ ಕಡೆ ಮಾತ್ರ. ಅಪ್ಪ ಒಬ್ಬನೇ ಮಗುವಿನ ಜೊತೆ ಬಂದರೆ? ಹಾಗೆ ಯಾರೂ ಬರುವುದಿಲ್ಲ ಅಂತ ಕಟ್ಟಡ ಕಟ್ಟಿದವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ವ್ಯೂ ಪಾಯಿಂಟ್‌ಗೆ ಗಾಜಿನ ಸೇತುವೆ ಕಟ್ಟಲು ಎಲ್ಲರಿಗೂ ಉತ್ಸಾಹ. ಒಂದು ಬೆಂಚು, ಒಂದು ನೆರಳು, ಒಂದು ನಲ್ಲಿ ಕೇಳಿದರೆ ಟೆಂಡರ್ ಆಗಬೇಕು. ನೀವು ಬೇಕಾದ್ದೆಲ್ಲ ಬ್ಯಾಗಿನಲ್ಲಿ ಹೊತ್ತುಕೊಂಡೇ ಹೋಗಿ. ಓಆರ್‌ಎಸ್, ಜ್ವರದ ಔಷಧಿ (ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ), ಒಂದು ಹಳೇ ಕಾಟನ್ ಸೀರೆ. ಸೀರೆ ಹಾಸಿಗೆಯಾಗುತ್ತದೆ, ಮರೆಯಾಗುತ್ತದೆ, ಜೋಲಿಯೂ ಆಗುತ್ತದೆ.

ರೈಲಿನವರು 2022ರಲ್ಲಿ ಲಖನೌ ಮೇಲ್‌ನಲ್ಲಿ ಪ್ರಯೋಗಕ್ಕೆ ಅಂತ ತಾಯಿ ಪಕ್ಕದಲ್ಲಿ ಮಗುವಿಗೊಂದು ಪುಟ್ಟ ಬರ್ತ್ ಹಾಕಿದ್ದರು. ನಮ್ಮ ಕಡೆಯ ಬೋಗಿಗಳಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಟಿಕೆಟ್ ಮಾಡಿಸದಿದ್ದರೆ ಬೇರೆ ಬರ್ತೂ ಸಿಗುವುದಿಲ್ಲ. ಕಾದಿರಿಸುವುದು ಈಗ 60 ದಿನ ಮುಂಚೆ ತೆರೆಯುತ್ತದೆ. ಮೊದಲಿನಂತೆ 120 ಅಲ್ಲ, ಆದ್ದರಿಂದ ತಾರೀಕು ನೋಡಿಕೊಂಡು ಬೆಳಿಗ್ಗೆಯೇ ಕೂತು ಬುಕ್ ಮಾಡಿ, ಕೆಳಗಿನ ಬರ್ತ್ ಕೇಳಿ. ಮಗು ಗೋಡೆ ಕಡೆ, ನೀವು ಈಚೆ ಕಡೆ. ಮೇಲಿನ ಬರ್ತ್ ನಿಮ್ಮವರಿಗೆ, ಬ್ಯಾಗುಗಳ ಜೊತೆ.